ಸ್ವಂತ ಎಸ್‌ಎಸ್‌ಎಚ್ ಕ್ಲೈಂಟ್ (ದೂರದ ಕಂಪ್ಯೂಟರಿಗೆ ಸುರಕ್ಷಿತವಾಗಿ ಲಾಗಿನ್ ಆಗೋ ಪ್ರೋಗ್ರಾಂ) ಬರೆದವರು ಇದ್ದೀರಾ? ಅನುಭವ ಹೇಳಿ

ಕಪ್ಪುಪರದೆ:
ನಮ್ಮದು ಹುಬ್ಬಳ್ಳಿಯ ಸಣ್ಣ ಕಂಪನಿ. ಅಂಗಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಹಾಕಿಕೊಡುತ್ತೇವೆ. ಒಂದೊಂದು ಅಂಗಡಿಯಲ್ಲೂ ಒಂದು ಲಿನಕ್ಸ್ ಪೆಟ್ಟಿಗೆ ಇದೆ, ಎಲ್ಲವೂ ನಡುವೆ ಇರೋ ಒಂದು ಜಂಪ್ ಸರ್ವರ್ ದಾಟಿಯೇ ಸಿಗೋದು. ಸಪೋರ್ಟ್ ಹುಡುಗರಿಗೆ ಐಪಿ, ಪೋರ್ಟ್, ಲಾಗಿನ್ ಕೀ ನೆನಪಿಟ್ಟುಕೊಳ್ಳೋಕೆ ಆಗ್ತಿಲ್ಲ. 'ಹೋಗು ಗದಗ-3' ಅಂತ ಹೊಡೆದರೆ ನೇರ ಒಳಗೆ ಹೋಗಬೇಕು. ಅಂಥ ಕಮಾಂಡ್‌ಲೈನ್ ಕ್ಲೈಂಟ್ ಬರೆಯಬೇಕು ಅಂತಿದ್ದೇನೆ. ಅರ್ಧ ಜನ ವಿಂಡೋಸ್‌ನಲ್ಲಿದ್ದಾರೆ. ಗೋ, ಪೈಥಾನ್, ಸಿ, ಯಾವ ಭಾಷೆ ಒಳ್ಳೇದು? ಲೈಬ್ರರಿ ಇಟ್ಟುಕೊಂಡು ಬರೆಯಲಾ, ಅಥವಾ ಮಷಿನ್‌ನಲ್ಲಿರೋ ಎಸ್‌ಎಸ್‌ಎಚ್‌ನ್ನೇ ಕರೆಯಲಾ?

ಗೋಮರಿ:
ಗೋದಲ್ಲಿ ಬರೀರಿ, ಬೇರೆ ಯೋಚನೆ ಬೇಡ. ನಾನು ಬರೆದದ್ದು ನಮ್ಮ ಆಫೀಸಲ್ಲಿ ಇವತ್ತಿಗೂ ಓಡ್ತಿದೆ.

ಕನೆಕ್ಟ್ ಆಗಿ, ಒಂದು ಕಮಾಂಡ್ ಓಡಿಸಿ, ಔಟ್‌ಪುಟ್ ತರೋದು ಒಂದು ಮಧ್ಯಾಹ್ನದ ಕೆಲಸ. ನಿಜವಾದ ಕೆಲಸ ಶುರುವಾಗೋದು ಆಮೇಲೆ. ಲೈಬ್ರರಿ ಪ್ರೋಟೊಕಾಲ್ ಮಾತ್ರ ನೋಡಿಕೊಳ್ಳುತ್ತೆ. ನಿಮ್ಮ ಕಾನ್ಫಿಗ್ ಫೈಲನ್ನು ಅದು ಮುಟ್ಟಲ್ಲ. ಜಂಪ್ ಹೋಸ್ಟ್ ಬೇಕಾದ್ರೆ ಮೊದಲ ಸರ್ವರ್‌ಗೆ ಹೋಗಿ, ಅದರೊಳಗಿಂದ ಎರಡನೆಯದಕ್ಕೆ ಡಯಲ್ ಮಾಡಿ, ಅದರ ಮೇಲೆ ಮತ್ತೆ ಹ್ಯಾಂಡ್‌ಶೇಕ್ ಮಾಡೋದು ನಿಮ್ಮ ಜವಾಬ್ದಾರಿ. ಕೀಗಳನ್ನು ಹಿಡಿದಿಟ್ಟುಕೊಳ್ಳೋ ಏಜೆಂಟ್ ಜೊತೆ ಮಾತಾಡೋಕೆ ಲಿನಕ್ಸ್‌ನಲ್ಲಿ ಸಾಕೆಟ್, ವಿಂಡೋಸ್‌ನಲ್ಲಿ ನೇಮ್ಡ್ ಪೈಪ್. ಎರಡಕ್ಕೂ ಬೇರೆ ಬೇರೆ ಕೋಡ್.

ಟರ್ಮಿನಲ್ ಅಂತೂ ಬೇರೆಯೇ ಕಥೆ. ಒತ್ತಿದ್ದನ್ನೆಲ್ಲ ಹಾಗೇ ಆ ಕಡೆಗೆ ಕಳಿಸೋ ರಾ ಮೋಡ್‌ಗೆ ಹಾಕದಿದ್ದರೆ ಕಂಟ್ರೋಲ್-ಸಿ ಒತ್ತಿದಾಗ ಆ ಕಡೆಯ ಪ್ರೋಗ್ರಾಂ ನಿಲ್ಲಲ್ಲ, ನಿಮ್ಮ ಕ್ಲೈಂಟೇ ಸಾಯುತ್ತೆ. ರಾ ಮೋಡ್‌ಗೆ ಹಾಕಿದ ಮೇಲೆ ಕ್ಲೈಂಟ್ ಕ್ರ್ಯಾಶ್ ಆದ್ರೆ ಟರ್ಮಿನಲ್ ಹಾಗೇ ಉಳಿಯುತ್ತೆ. ಟೈಪ್ ಮಾಡಿದ್ದು ಕಾಣಲ್ಲ, ಸಾಲುಗಳು ಮೆಟ್ಟಿಲಿನ ಹಾಗೆ ಬಲಕ್ಕೆ ಜಾರುತ್ತಾ ಹೋಗುತ್ತವೆ. ಆಗ ಏನೂ ಕಾಣದಿದ್ರೂ 'ರೀಸೆಟ್' ಅಂತ ಹೊಡೆದು ಎಂಟರ್ ಒತ್ತಬೇಕು. ನಮ್ಮ ಟೆಸ್ಟರ್ ಪ್ರತಿ ಸಲ ಲ್ಯಾಪ್‌ಟಾಪನ್ನೇ ರೀಸ್ಟಾರ್ಟ್ ಮಾಡ್ತಿದ್ರು. ವಿಂಡೋ ಎಳೆದು ದೊಡ್ಡದು ಮಾಡಿದ್ರೆ ಆ ಅಳತೆಯನ್ನೂ ನೀವೇ ಸರ್ವರ್‌ಗೆ ತಿಳಿಸಬೇಕು. ಲಿನಕ್ಸ್‌ನಲ್ಲಿ ಅದಕ್ಕೆ ಸಿಗ್‌ವಿಂಚ್ ಸಿಗ್ನಲ್ ಇದೆ. ವಿಂಡೋಸ್‌ನಲ್ಲಿ ಇಲ್ಲ, ನಾನು ಆಗಾಗ ಅಳತೆ ನೋಡ್ತಾ ಇರೋ ಹಾಗೆ ಬರೆದೆ. ಇಲ್ಲಾಂದ್ರೆ ವಿಮ್ ಎಡಿಟರ್ ಪರದೆಯ ಒಂದು ಮೂಲೆಯಲ್ಲೇ ಕೂತಿರುತ್ತೆ.

ಇಷ್ಟೆಲ್ಲ ಆದಮೇಲೆ ಒಂದೇ ಫೈಲ್. ಕಾಪಿ ಮಾಡು, ಓಡಿಸು. ಆ ಸುಖ ಬೇರೆ ಎಲ್ಲೂ ಸಿಗಲ್ಲ.

ಶೆಲ್‌ಸ್ವಾಮಿ:
ಇಷ್ಟುದ್ದ ಬರೆದಿದ್ದೀರಲ್ಲ, ಇದರಲ್ಲಿ ಒಂದೊಂದೂ ಮಷಿನ್‌ನಲ್ಲಿ ಮೊದಲೇ ಇರೋ ಓಪನ್‌ಎಸ್‌ಎಸ್‌ಎಚ್‌ನಲ್ಲಿ ವರ್ಷಗಳಿಂದ ಇದೆ. ಜಂಪ್ ಸರ್ವರ್ ದಾಟಿಸೋ ಪ್ರಾಕ್ಸಿಜಂಪ್ ಬಂದಿದ್ದು 2016ರಲ್ಲಿ, 7.3 ಆವೃತ್ತಿಯಲ್ಲಿ. ಮಾಡಿದ್ದನ್ನೇ ಮತ್ತೆ ಮಾಡೋದಕ್ಕೆ ಸಂಬಳ ತಗೋತೀರಾ?

ನನ್ನದು ಒಂದು ಸಣ್ಣ ಬ್ಯಾಷ್ ಸ್ಕ್ರಿಪ್ಟ್. ಹೆಸರು ಕೊಟ್ಟರೆ ಪಟ್ಟಿಯಲ್ಲಿ ಹುಡುಕಿ ಎಸ್‌ಎಸ್‌ಎಚ್ ಕರೆಯುತ್ತೆ. ಪಟ್ಟಿ ಗಿಟ್‌ನಲ್ಲಿದೆ, ಅದರಿಂದ ಕಾನ್ಫಿಗ್ ಫೈಲ್ ತಾನೇ ತಯಾರಾಗುತ್ತೆ, ಮುಖ್ಯ ಕಾನ್ಫಿಗ್‌ಗೆ ಒಂದು ಇನ್‌ಕ್ಲೂಡ್ ಸಾಲು ಸಾಕು. ಒಂದೇ ಕನೆಕ್ಷನ್ನನ್ನು ಮತ್ತೆ ಮತ್ತೆ ಬಳಸೋ ಕಂಟ್ರೋಲ್‌ಮಾಸ್ಟರ್ ಹಾಕಿದ್ದರಿಂದ ಜಂಪ್ ಸರ್ವರ್‌ಗೆ ಓಟಿಪಿ ಬೆಳಗ್ಗೆ ಒಂದು ಸಲ ಕೊಟ್ಟರೆ ಆಯ್ತು. ಒಂದೇ ತೊಂದರೆ ಕೊಟ್ಟಿದ್ದು ಅದು ಮಾಡಿಕೊಳ್ಳೋ ಸಾಕೆಟ್ ಫೈಲಿನ ಹೆಸರು. ಲಿನಕ್ಸ್‌ನಲ್ಲಿ ಯೂನಿಕ್ಸ್ ಸಾಕೆಟ್ ಪಾತ್ 108 ಬೈಟ್ ಮೀರೋ ಹಾಗಿಲ್ಲ, ಮ್ಯಾಕ್‌ನಲ್ಲಿ 104. ಅಂಗಡಿ ಹೆಸರು, ಊರು, ಯೂಸರ್ ಎಲ್ಲ ಸೇರಿಸಿ ಇಟ್ಟರೆ ಉದ್ದನೆ ಹೆಸರಿನ ಗಿರಾಕಿಗಳಿಗೆ ಮಾತ್ರ ಕನೆಕ್ಟ್ ಆಗಲ್ಲ. ಆ ಹೆಸರಿನ ಬದಲು ಪರ್ಸೆಂಟ್ ಚಿಹ್ನೆ, ಅದರ ನಂತರ ದೊಡ್ಡ ಸಿ (%C) ಹಾಕಿದರೆ ಹ್ಯಾಶ್ ಆಗಿ ಚಿಕ್ಕದಾಗುತ್ತೆ.

2023ರ ಡಿಸೆಂಬರ್‌ನಲ್ಲಿ ಟೆರಾಪಿನ್ ಅನ್ನೋ ಎಸ್‌ಎಸ್‌ಎಚ್ ಭದ್ರತಾ ಲೋಪ ಬಂತಲ್ಲ, ನಾನು ಅಪ್‌ಡೇಟ್ ಓಡಿಸಿ ಮಲಗಿದೆ. ನೀವು?

ಗೋಮರಿ:
ನಾನೂ ಮಲಗಿದೆ ಸ್ವಾಮಿಗಳೇ. ಗೋದ ಕ್ರಿಪ್ಟೊ ಪ್ಯಾಕೇಜ್ 0.17ಕ್ಕೆ ಏರಿಸಿ ಬಿಲ್ಡ್ ಮಾಡಿ ಹಂಚಿದ್ದೆ. ನಿಮ್ಮ ಕಂಟ್ರೋಲ್‌ಮಾಸ್ಟರ್ ವಿಂಡೋಸ್‌ನ ಓಪನ್‌ಎಸ್‌ಎಸ್‌ಎಚ್‌ನಲ್ಲಿ ಕೆಲಸ ಮಾಡಲ್ಲ, ಗೊತ್ತಾ? ಅರ್ಧ ಜನ ವಿಂಡೋಸ್ ಅಂತ ಅವರು ಬರೆದಿದ್ದಾರೆ. ಓದಿದ್ದೀರಾ?

ಶೆಲ್‌ಸ್ವಾಮಿ:
ವಿಂಡೋಸ್ ಒಳಗೇ ಲಿನಕ್ಸ್ ಓಡಿಸೋ ಡಬ್ಲ್ಯುಎಸ್‌ಎಲ್ ಹಾಕಿಸಿ.

ಗೋಮರಿ:
ಸಪೋರ್ಟ್ ಹುಡುಗರ ನಾಲ್ಕು ಜಿಬಿ ಲ್ಯಾಪ್‌ಟಾಪಲ್ಲಿ ಡಬ್ಲ್ಯುಎಸ್‌ಎಲ್. ಭೇಷ್.

ಹಳೇಹುಲಿ:
ಇಬ್ಬರೂ ಪುಣ್ಯವಂತರು. ನಾನು ಸಿಯಲ್ಲಿ ಬರೆದವನು, ಲಿಬ್‌ಎಸ್‌ಎಸ್‌ಎಚ್2 ಲೈಬ್ರರಿ ಇಟ್ಟುಕೊಂಡು. ಸಿಯಲ್ಲೇ ಆಗಬೇಕು ಅಂದಿದ್ದು ಆಗಿನ ಮ್ಯಾನೇಜರ್. ನಾನ್-ಬ್ಲಾಕಿಂಗ್ ಮೋಡ್‌ನಲ್ಲಿ ಪ್ರತಿ ಕರೆಗೂ 'ಈಗ ಆಗಲ್ಲ, ಮತ್ತೆ ಬಾ' ಅನ್ನೋ ಉತ್ತರ ಬರಬಹುದು. ಪ್ರತಿ ಸಾಲಿಗೂ ಒಂದು ಲೂಪ್ ಬರೀಬೇಕು.

ಅದನ್ನೂ ಸಹಿಸಿಕೊಂಡೆ. ಹೊಟ್ಟೆ ಉರಿಸಿದ್ದು ಕೀಗಳು. 2018ರಲ್ಲಿ ಓಪನ್‌ಎಸ್‌ಎಸ್‌ಎಚ್ 7.8 ಬಂದಾಗಿನಿಂದ ಹೊಸ ಕೀ ಮಾಡಿದ್ರೆ ಫೈಲಿನ ರೂಪವೇ ಬೇರೆ. ಹುಡುಗರು ಹೊಸ ಕೀ ಕಳಿಸ್ತಾರೆ, ನನ್ನ ಕ್ಲೈಂಟ್ 'ಓದಲಾಗದು' ಅನ್ನುತ್ತೆ, ಎಲ್ಲರೂ ನನ್ನ ಮುಖ ನೋಡ್ತಾರೆ. ಈಡಿ25519 ಅನ್ನೋ ಬಗೆಯ ಕೀ ಈ ಲೈಬ್ರರಿಗೆ ಬಂದಿದ್ದೇ 2019ರಲ್ಲಿ. ಹೇಗೋ ತೇಪೆ ಹಾಕಿದೆ. 2021ರ ಸೆಪ್ಟೆಂಬರ್‌ನಲ್ಲಿ ಓಪನ್‌ಎಸ್‌ಎಸ್‌ಎಚ್ 8.8 ಬಂತು, ಹಳೇ ಎಸ್‌ಎಚ್‌ಎ-1 ಹ್ಯಾಶ್ ಇಟ್ಟುಕೊಂಡ ಆರ್‌ಎಸ್‌ಎ ಸಹಿಯನ್ನು ಡಿಫಾಲ್ಟ್ ಆಗಿ ನಿಲ್ಲಿಸಿಬಿಟ್ಟರು. ಕೀ ಅದೇ, ಪಾಸ್‌ಫ್ರೇಸ್ ಅದೇ, ಸರ್ವರ್ ಮಾತ್ರ ಒಳಗೆ ಬಿಡಲ್ಲ. ಗಿರಾಕಿಯೊಬ್ಬರು ಯಾರಿಗೂ ಹೇಳದೆ ಉಬುಂಟು 22.04ಕ್ಕೆ ಏರಿದ ರಾತ್ರಿಯೇ ಫೋನ್ ಶುರು. ಪರಿಹಾರ ಲೈಬ್ರರಿಯ 1.11ರಲ್ಲಿ ಬಂತು, ಅದು 2023. ಅಲ್ಲಿವರೆಗೆ ಪ್ರತಿ ಗಿರಾಕಿಯ ಸರ್ವರ್‌ನಲ್ಲೂ ಹಳೆ ಸಹಿಗೆ ಅನುಮತಿ ಕೊಡಿ ಅಂತ ಬೇಡಿಕೊಂಡೆ. ಅವರ ಸೆಕ್ಯೂರಿಟಿ ಆಡಿಟರ್‌ಗಳ ಬೈಗುಳದ ಮೇಲ್‌ಗಳು ಇನ್ನೂ ಇನ್‌ಬಾಕ್ಸ್‌ನಲ್ಲಿವೆ.

ಆ ಮ್ಯಾನೇಜರ್ ಈಗ ಬೇರೆ ಕಡೆ ಆರ್ಕಿಟೆಕ್ಟ್ ಆಗಿದ್ದಾರೆ.

ರಾತ್ರಿಪಾಳಿ:
ಪೈಥಾನ್ ಬಗ್ಗೆ ಯಾರೂ ಹೇಳಲಿಲ್ಲ. ಪ್ಯಾರಾಮಿಕೊ ಅನ್ನೋ ಪೈಥಾನ್ ಲೈಬ್ರರಿಯಲ್ಲಿ ನಾನು ಮಾಡಿದ್ದೇನೆ, ಬರೆಯೋದು ಸಲೀಸು. ಹಂಚೋದೇ ಕಷ್ಟ. ಪೈಇನ್‌ಸ್ಟಾಲರ್‌ನಲ್ಲಿ ಒಂದೇ ಫೈಲ್ ಮಾಡಿದ್ರೆ ಪ್ರತಿ ಸಲ ತನ್ನನ್ನೇ ಟೆಂಪ್ ಫೋಲ್ಡರಿಗೆ ಬಿಚ್ಚಿಕೊಂಡು ಆಮೇಲೆ ಶುರುವಾಗುತ್ತೆ, ಆಂಟಿವೈರಸ್ ಅದನ್ನು ನೋಡಿ ವೈರಸ್ ಅನ್ನುತ್ತೆ.

ಪ್ರೋಗ್ರಾಂಗೆ ಡಿಜಿಟಲ್ ಸಹಿ ಹಾಕಿದ್ರೆ ಸರಿಹೋಗುತ್ತೆ ಅಂದರು. ಆ ಖರ್ಚು ಕೇಳಿ. ಮ್ಯಾಕ್‌ಗೆ ಆಪಲ್ ಡೆವಲಪರ್ ಖಾತೆ, ವರ್ಷಕ್ಕೆ 99 ಡಾಲರ್. ವಿಂಡೋಸ್‌ಗೆ ಕೋಡ್ ಸೈನಿಂಗ್ ಸರ್ಟಿಫಿಕೇಟ್ ಬೇರೆ. 2023ರ ಜೂನ್‌ನಿಂದ ಅದರ ಗುಟ್ಟಿನ ಕೀ ಹಾರ್ಡ್‌ವೇರ್‌ನಲ್ಲೇ ಇರಬೇಕು ಅಂತ ನಿಯಮ, ಹಾಗಾಗಿ ಯುಎಸ್‌ಬಿ ಟೋಕನ್ ವಿದೇಶದಿಂದ ಕೊರಿಯರ್‌ನಲ್ಲಿ ಬಂತು. ಸರ್ಟಿಫಿಕೇಟಿನ ದುಡ್ಡು, ಟೋಕನ್ ದುಡ್ಡು, ಕೊರಿಯರ್, ಕಸ್ಟಮ್ಸ್, ಕಾರ್ಡಿನವರ ಫಾರೆಕ್ಸ್ ಮಾರ್ಕಪ್, ಅದರ ಮೇಲೆ ಜಿಎಸ್‌ಟಿ. ಕಂಪನಿಯ ವಿಳಾಸದ ದಾಖಲೆ ಕೇಳಿದರು. ಕರೆಂಟ್ ಬಿಲ್ ಮಾಲೀಕರ ಹೆಸರಲ್ಲಿತ್ತು, ತಿರಸ್ಕರಿಸಿದರು. ಬಾಡಿಗೆ ಕರಾರು ಪತ್ರ ಕನ್ನಡದಲ್ಲಿತ್ತು, ಅದನ್ನೂ ತಿರಸ್ಕರಿಸಿದರು. ಇಂಗ್ಲಿಷಿಗೆ ಅನುವಾದ ಮಾಡಿಸಿ ನೋಟರಿ ಹತ್ತಿರ ಹೋದೆವು, ಅಲ್ಲೂ ದುಡ್ಡು. ಕೊನೆಗೆ ಟೋಕನ್ ಬಂದು ನನ್ನ ಮೇಜಿನ ಡ್ರಾಯರ್‌ನಲ್ಲಿದೆ. ಬಿಲ್ಡ್ ಆಗೋದು ಕ್ಲೌಡ್‌ನಲ್ಲಿ. ಹಾಗಾಗಿ ಪ್ರತಿ ರಿಲೀಸಿಗೂ ನಾನು ಆಫೀಸಿಗೆ ಹೋಗಿ ಟೋಕನ್ ಚುಚ್ಚಿ ಪಾಸ್‌ವರ್ಡ್ ಹೊಡೀಬೇಕು. ಕಳೆದ ಯುಗಾದಿ ದಿನವೂ ಹೋಗಿದ್ದೆ.

ಗೋಮರಿ:
ಪ್ಯಾರಾಮಿಕೊದಲ್ಲಿ ಮಾಡಿದವರನ್ನು ಒಂದು ಕೇಳಬೇಕು. ಸರ್ವರ್‌ನ ಗುರುತು ಹೇಳೋ ಹೋಸ್ಟ್ ಕೀಗೆ, ಹೊಸದು ಬಂದ್ರೆ ಕೇಳದೇ ಒಪ್ಪೋ ಆಟೊ-ಆ್ಯಡ್ ಪಾಲಿಸಿ ಹಾಕಿದ್ದೀರಿ ತಾನೇ? ಎಲ್ಲರೂ ಹಾಕ್ತಾರೆ. ಹಳೇ ಪಟ್ಟಿ ಲೋಡ್ ಮಾಡದಿದ್ದರೆ ಪ್ರತಿ ಸಲವೂ ಪ್ರತಿ ಸರ್ವರ್ ಹೊಸದೇ. ನಡುವೆ ಯಾರು ಕೂತಿದ್ದರೂ ಸ್ವಾಗತ.

ರಾತ್ರಿಪಾಳಿ:
ಪಟ್ಟಿ ಲೋಡ್ ಮಾಡ್ತೀನಿ, ಧನ್ಯವಾದ. ನಿಮ್ಮ ಗೋದಲ್ಲಿ ಹೋಸ್ಟ್ ಕೀ ನೋಡದೇ ಬಿಡೋ ಫಂಕ್ಷನ್‌ಗೆ ಹೆಸರಲ್ಲೇ 'ಇನ್‌ಸೆಕ್ಯೂರ್' ಅಂತ ಬರೆದಿದ್ದಾರೆ. ಆದರೂ ಇಂಟರ್ನೆಟ್ಟಿನ ಅರ್ಧ ಉದಾಹರಣೆಗಳಲ್ಲಿ ಅದೇ ಇರುತ್ತೆ. ನನಗೆ ಪಾಠ ಹೇಳೋಕೆ ಬರಬೇಡಿ.

ಹಳೇಹುಲಿ:
ಜಗಳ ಬಿಡಿ. ಅಂಗಡಿ ಪೆಟ್ಟಿಗೆ ಕೆಟ್ಟು ಓಎಸ್ ಹೊಸದಾಗಿ ಹಾಕಿದಾಗಲೆಲ್ಲ ಹೋಸ್ಟ್ ಕೀ ಬದಲಾಗುತ್ತೆ. ದೊಡ್ಡ ಅಕ್ಷರದ ಎಚ್ಚರಿಕೆ ಬರುತ್ತೆ, ಹುಡುಗರು ಓದದೆ ಹಳೇ ಸಾಲು ಅಳಿಸ್ತಾರೆ. ಹೋಸ್ಟ್ ಸರ್ಟಿಫಿಕೇಟ್ ಮಾಡಿ. ನಿಮ್ಮದೇ ಒಂದು ಸಿಎ (ಸಹಿ ಹಾಕೋ ಅಧಿಕಾರದ) ಕೀ, ಅದರಿಂದ ಪ್ರತಿ ಪೆಟ್ಟಿಗೆಯ ಕೀಗೆ ಸಹಿ. ಕ್ಲೈಂಟ್ ಕಡೆ ನೋನ್-ಹೋಸ್ಟ್ಸ್ ಫೈಲಿನಲ್ಲಿ ಒಂದೇ ಸಾಲು. 2010ರಿಂದ ಇದೆ, ಯಾರೂ ಬಳಸಲ್ಲ.

ಕಪ್ಪುಪರದೆ:
ಎಲ್ಲರಿಗೂ ಧನ್ಯವಾದ. ಸರ್ಟಿಫಿಕೇಟ್ ವಿಷಯ ಗೊತ್ತಿರಲಿಲ್ಲ, ನೋಡ್ತೀನಿ. ಇನ್ನೊಂದು ಪ್ರಶ್ನೆ: ಅಂಗಡಿಗಳಲ್ಲಿ ಇರೋದು ಸಿಮ್ ಹಾಕೋ ರೂಟರ್. ಸ್ವಲ್ಪ ಹೊತ್ತು ಏನೂ ಟೈಪ್ ಮಾಡದಿದ್ರೆ ಸೆಷನ್ ಹೆಪ್ಪುಗಟ್ಟಿಬಿಡುತ್ತೆ.

ಶೆಲ್‌ಸ್ವಾಮಿ:
ಸರ್ವರ್-ಅಲೈವ್-ಇಂಟರ್ವಲ್ 30. ಕಾನ್ಫಿಗ್‌ನಲ್ಲಿ ಒಂದು ಸಾಲು, ಸುಮ್ಮನಿದ್ದರೆ 30 ಸೆಕೆಂಡಿಗೊಮ್ಮೆ ಸರ್ವರನ್ನು ಮಾತಾಡಿಸುತ್ತೆ. ಗೋದಲ್ಲಿ ಇದನ್ನೂ ಕೈಯಾರೆ ಬರೀಬೇಕು ಅನ್ಸುತ್ತೆ, ಅಲ್ವಾ ಗೋಮರಿ?

ಗೋಮರಿ:
ಒಂದು ಗೋರೂಟೀನ್, ಒಂದು ಟಿಕ್ಕರ್, ಒಂದು ರಿಕ್ವೆಸ್ಟ್. ಬರೆಯೋಕೆ ಬರುವವರಿಗೆ ಕಷ್ಟ ಇಲ್ಲ.

ರಾತ್ರಿಪಾಳಿ:
ಟಿಸಿಪಿ ಕೀಪ್‌ಅಲೈವ್ ಆನ್ ಇದ್ರೆ ಸಾಕಲ್ವಾ?

ಹಳೇಹುಲಿ:
ಸಾಲಲ್ಲ. ಲಿನಕ್ಸ್‌ನಲ್ಲಿ ಅದರ ಡಿಫಾಲ್ಟ್ 7200 ಸೆಕೆಂಡ್, ಎರಡು ಗಂಟೆ. ಮೊಬೈಲ್ ನೆಟ್‌ವರ್ಕಿನ ನ್ಯಾಟ್ (ಐಪಿ ವಿಳಾಸ ಬದಲಿಸಿ ಕಳಿಸೋ ವ್ಯವಸ್ಥೆ) ಅಷ್ಟು ಹೊತ್ತು ಕಾಯಲ್ಲ.

ಮಲೆನಾಡ್ ಮೋಡೆಮ್:
ಸಿಗ್ನಲ್ ಹೋದರೂ ಸೆಷನ್ ಉಳಿಸೋ ಮಾಷ್ ಹಾಕಿ ಎಲ್ಲರೂ. ಆಗುಂಬೆ ಘಾಟಿಯಲ್ಲಿ ಬಸ್ಸಲ್ಲಿ ಕೂತು ಸರ್ವರ್ ರಿಪೇರಿ ಮಾಡಿದ್ದೇನೆ. ಸಿಗ್ನಲ್ ಹೋಯ್ತು, ಬಂತು, ಸೆಷನ್ ಹಾಗೇ ಇತ್ತು.

ಶೆಲ್‌ಸ್ವಾಮಿ:
ಮಾಷ್‌ಗೆ ಯುಡಿಪಿ 60000ದಿಂದ 61000ವರೆಗೆ ಪೋರ್ಟ್ ತೆರೀಬೇಕು. ಅವರ ಪೆಟ್ಟಿಗೆಗಳು ಜಂಪ್ ಸರ್ವರ್ ಹಿಂದೆ ಇವೆ. ನೇರ ತಲುಪೋದೇ ಇಲ್ಲ. ಪ್ರಶ್ನೆ ಓದದೆ ಬರೋದು ಚಾಳಿ ಆಗಿದೆ ಇಲ್ಲಿ.

ಮಲೆನಾಡ್ ಮೋಡೆಮ್:
ಡಬ್ಲ್ಯುಎಸ್‌ಎಲ್ ಹಾಕಿಸಿ ಅಂದವರು ನೀವೇ ಅಲ್ವಾ? ಇರಲಿ. 'ಹೋಗು ಗದಗ-3' ಅನ್ನೋದನ್ನ ಕನ್ನಡ ಲಿಪಿಯಲ್ಲೇ ಟೈಪ್ ಮಾಡೋ ಹಾಗೆ ಇಡಿ ಅಂತ ನನ್ನ ಸಲಹೆ.

ಹಳೇಹುಲಿ:
ಬೇಡಪ್ಪಾ. ಟರ್ಮಿನಲ್ ಒಂದೊಂದು ಅಕ್ಷರಕ್ಕೆ ಇಷ್ಟು ಕಾಲಮ್ ಅಂತ ಲೆಕ್ಕ ಹಾಕುತ್ತೆ. 'ಕ್ಷ' ಯುನಿಕೋಡ್‌ನಲ್ಲಿ ಮೂರು ಚಿಹ್ನೆ. ಶೆಲ್ ಒಂದು ಲೆಕ್ಕ ಹಾಕಿ, ಪರದೆ ಇನ್ನೊಂದು ಲೆಕ್ಕ ಹಾಕಿದ್ರೆ ಕರ್ಸರ್ ಎಲ್ಲೋ, ಅಕ್ಷರ ಎಲ್ಲೋ. ಲಕ್ಷ್ಮೇಶ್ವರದ ಅಂಗಡಿ ಹೆಸರು ಹೊಡೆದು ಬ್ಯಾಕ್‌ಸ್ಪೇಸ್ ಒತ್ತಿ ನೋಡಿ.

ಮಲೆನಾಡ್ ಮೋಡೆಮ್:
ನನ್ನ ಟರ್ಮಿನಲ್‌ನಲ್ಲಿ ಸರಿಯಾಗೇ ಬರುತ್ತೆ.

ಹಳೇಹುಲಿ:
ಯಾವ ಟರ್ಮಿನಲ್? ಫಾಂಟ್ ಯಾವುದು? ಟಿಮಕ್ಸ್ ಒಳಗೆ ನೋಡಿದ್ರಾ, ಹೊರಗಾ?