ಚಿಕ್ಕ ಊರಿನ ಆಂಬುಲೆನ್ಸ್ ತಂಡದಲ್ಲಿ ವರ್ಷಗಟ್ಟಲೆ ಇದ್ದವರು ಸ್ವಲ್ಪ ಹೇಳಿ

ಪ್ರಶ್ನೆ: ತುರ್ತು ಸೇವೆಯ ತಂಡಕ್ಕೆ ಸಂಬಳವಿಲ್ಲದ ಸ್ವಯಂಸೇವಕನಾಗಿ ಸೇರುತ್ತಿದ್ದೇನೆ. ತರಬೇತಿ ಮುಗಿದಿದೆ. ಚಿಕ್ಕ ಊರು, ಎಲ್ಲರೂ ಪರಿಚಯದವರು. ಇಷ್ಟು ವರ್ಷ ಹೇಗೆ ನಿಭಾಯಿಸಿದಿರಿ?

ಉತ್ತರ: ನನಗೆ ಇಪ್ಪತ್ತಾರನೇ ವರ್ಷ. ನೀವು ಬರೆದಿದ್ದರಲ್ಲೇ ಕಷ್ಟ ಇದೆ ನೋಡಿ, ಎಲ್ಲರೂ ಪರಿಚಯದವರು. ತರಬೇತಿಯ ಗೊಂಬೆಗೆ ಹೆಸರಿರುವುದಿಲ್ಲ. ನಾನು ಮೊದಲ ಸಲ ಸಿಪಿಆರ್ (ಹೃದಯ ನಿಂತಾಗ ಎದೆ ಒತ್ತಿ ಉಸಿರು ಕೊಡುವುದು) ಕೊಟ್ಟದ್ದು ನನ್ನ ಮಗನಿಗೆ ಪಾಠ ಹೇಳಿದ ಮೇಷ್ಟ್ರಿಗೆ. ಅಂಗಿ ಕತ್ತರಿಸಿ ಎದೆ ಒತ್ತಲು ಶುರು ಮಾಡಿದೆ. ನಾಲ್ಕೈದು ಸಲ ಒತ್ತುವಷ್ಟರಲ್ಲಿ ಅಂಗೈ ಕೆಳಗೆ ಪಕ್ಕೆಲುಬು ಲಟಕ್ ಎಂದಿತು. ಹಾಗಾಗುವುದು ಸಾಮಾನ್ಯ, ನಿಲ್ಲಿಸಬಾರದು ಅಂತ ಗೊತ್ತಿತ್ತು. ಆದರೂ ಕೈ ಒಂದು ಕ್ಷಣ ಹಿಂಜರಿಯಿತು.

ಆಗ ಕಾಪಾಡಿದ್ದು ಎಣಿಕೆ. ನಿಮಿಷಕ್ಕೆ 100ರಿಂದ 120 ಸಲ, ದೊಡ್ಡವರಿಗಾದರೆ 5 ಸೆಂಟಿಮೀಟರ್‌ಗೆ ಕಡಿಮೆ ಇಲ್ಲದ ಆಳ, 30 ಸಲ ಒತ್ತಿ 2 ಸಲ ಉಸಿರು. ಗಟ್ಟಿಯಾಗಿ ಎಣಿಸಿ. ಬಾಯಿ ಎಣಿಸುತ್ತಿದ್ದರೆ ಮನಸ್ಸು ಅತ್ತಿತ್ತ ಹೋಗುವುದಿಲ್ಲ. ಎರಡು ನಿಮಿಷಕ್ಕೊಮ್ಮೆ ಒತ್ತುವವರು ಬದಲಾಗಬೇಕು. ‘ನನಗೇನೂ ಸುಸ್ತಾಗಿಲ್ಲ’ ಅನ್ನುವವರೇ ಜಾಸ್ತಿ, ಆದರೆ ಸುಸ್ತು ನಮಗೆ ಗೊತ್ತಾಗುವ ಮೊದಲೇ ಒತ್ತುವ ಆಳ ಕಡಿಮೆಯಾಗಿರುತ್ತದೆ.

ಮೇಷ್ಟ್ರು ಉಳಿಯಲಿಲ್ಲ. ಮೂರು ದಿನ ಬಿಟ್ಟು ಅವರ ಹೆಂಡತಿ ನಮ್ಮ ಮನೆಗೆ ಬಂದರು. ಅವರ ಮನೆಯಲ್ಲೇ ಬಿಟ್ಟು ಬಂದಿದ್ದ ನನ್ನ ಟಾರ್ಚ್ ಅವರ ಕೈಲಿತ್ತು. ‘ಅವರಿಗೆ ನೋವಾಯಿತಾ?’ ಅಂತ ಕೇಳಿದರು. ‘ಇಲ್ಲಮ್ಮ, ನಾವು ಬರುವ ಮೊದಲೇ ಪ್ರಜ್ಞೆ ಹೋಗಿತ್ತು’ ಅಂದೆ. ನಿಜವೂ ಅದೇ. ಗೊತ್ತಿಲ್ಲದ್ದನ್ನು ಸಮಾಧಾನಕ್ಕೆ ಅಂತ ಸುಮ್ನೆ ಹೇಳಬೇಡಿ, ಚಿಕ್ಕ ಊರಲ್ಲಿ ಅದೇ ಮನುಷ್ಯರನ್ನು ಇಪ್ಪತ್ತು ವರ್ಷ ನೋಡುತ್ತಿರಬೇಕು. ಯಾರ ಮನೆಯಲ್ಲಿ ಏನು ಕಂಡಿರಿ ಅನ್ನುವುದೂ ನಿಮ್ಮಲ್ಲೇ ಇರಲಿ.

ಇನ್ನೊಬ್ಬರು: ಮೇಲಿನವರು ದೊಡ್ಡದು ಹೇಳಿದ್ದಾರೆ, ನನ್ನದು ಚಿಲ್ಲರೆ ವಿಷಯ. ಗಾಡಿಯನ್ನು ಯಾವಾಗಲೂ ರಸ್ತೆ ಕಡೆ ಮುಖ ಮಾಡಿ ನಿಲ್ಲಿಸಿ. ಆಕ್ಸಿಜನ್ ಸಿಲಿಂಡರಿನ ಮುಳ್ಳನ್ನು ಕಣ್ಣಾರೆ ನೋಡಿ, ‘ನಿನ್ನೆ ತುಂಬಿತ್ತು’ ಅನ್ನುವ ಮಾತನ್ನು ನಂಬಬೇಡಿ. ಎಇಡಿಯ (ನಿಂತ ಹೃದಯಕ್ಕೆ ಶಾಕ್ ಕೊಡುವ ಯಂತ್ರ) ಪ್ಯಾಡ್‌ಗಳಿಗೂ ಅವಧಿ ಇರುತ್ತದೆ, ಒಮ್ಮೆ ನಾವು ಅದನ್ನು ಮರೆತು ಪೇಚಿಗೆ ಸಿಕ್ಕಿದ್ದೆವು. ಪಾರ್ಶ್ವವಾಯು ಅನಿಸಿದರೆ, ರೋಗಿ ಕೊನೆಯದಾಗಿ ಸರಿಯಿದ್ದದ್ದು ಎಷ್ಟು ಗಂಟೆಗೆ ಅಂತ ಕೇಳಿ ಬರೆದುಕೊಳ್ಳಿ. ಆಸ್ಪತ್ರೆಯಲ್ಲಿ ಮೊದಲು ಕೇಳುವ ಪ್ರಶ್ನೆಗಳಲ್ಲಿ ಅದೂ ಒಂದು.

ಮತ್ತೊಬ್ಬರು: ನಾನು ತಂಡದವಳಲ್ಲ, ನಮ್ಮ ಯಜಮಾನರು ಮೂವತ್ತು ವರ್ಷ ಈ ಕೆಲಸಕ್ಕೆ ಹೋದರು. ಸೇರುವ ಮೊದಲು ಮನೆಯವರನ್ನು ಕೇಳಿದ್ದೀರಾ? ರಾತ್ರಿ ಫೋನ್ ಬಂದರೆ ಎಚ್ಚರವಾಗುವುದು ನಿಮಗೊಬ್ಬರಿಗೇ ಅಲ್ಲ, ಅಲ್ವಾ? ಇವರು ಕೆಟ್ಟ ಕರೆಗೆ ಹೋಗಿ ಬಂದ ದಿನ ಒಳಗೆ ಬರುತ್ತಿರಲಿಲ್ಲ. ಹೊರಗೆ ನಿಂತು, ಆಗಲೇ ತೊಳೆದಿದ್ದ ಬೂಟನ್ನು ಮತ್ತೆ ತೊಳೆಯುತ್ತಿದ್ದರು. ಮೊದಮೊದಲು ‘ಏನಾಯಿತು?’ ಅಂತ ಕೇಳುತ್ತಿದ್ದೆ. ಆಮೇಲೆ ಕೇಳುವುದು ಬಿಟ್ಟೆ. ನಲ್ಲಿ ನಿಲ್ಲುವವರೆಗೆ ಬಾಗಿಲ ಬಳಿ ಕೂತಿರುತ್ತಿದ್ದೆ.