‘ಇಂಟರಪ್ಟ್ ಹಂಚಿಕೆ’ ಎಂದರೆ ಅರ್ಥ ತಪ್ಪುವುದಿಲ್ಲವೇ?

ಗೆಳೆಯರೇ,

ಲಿನಕ್ಸ್ ಕರ್ನೆಲ್ (ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆಯ ತಿರುಳು) ಬಗ್ಗೆ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ‘ಇಂಟರಪ್ಟ್’ (ಕೈಲಿದ್ದ ಕೆಲಸ ಬಿಟ್ಟು ಇತ್ತ ನೋಡು ಎಂದು ಪ್ರೊಸೆಸರಿಗೆ ಬರುವ ಸಂಕೇತ) ಪದವನ್ನು ಹಾಗೇ ಉಳಿಸಿಕೊಂಡಿದ್ದೇನೆ. ‘ಅಡಚಣೆ’ ಎಂದರೆ ಏನೋ ಕೆಟ್ಟು ನಿಂತಿದೆ ಅನ್ನಿಸುತ್ತದೆ. ನೆಟ್‌ವರ್ಕ್ ಕಾರ್ಡ್ ‘ಪ್ಯಾಕೆಟ್ ಬಂದಿದೆ, ನೋಡು’ ಎಂದು ಪ್ರೊಸೆಸರನ್ನು ಎಚ್ಚರಿಸುವುದು ದಿನದ ಕೆಲಸ ಅಷ್ಟೇ.

ನನಗೆ ತೊಡಕಾಗಿರುವುದು ‘ಹಂಚಿಕೆ’. ಯಾವ ಇಂಟರಪ್ಟನ್ನು ಯಾವ ಪ್ರೊಸೆಸರ್ ನೋಡಿಕೊಳ್ಳಬೇಕು ಎಂದು ಗೊತ್ತುಮಾಡುವುದಕ್ಕೆ ಮೊದಲು ಬಾಯಿಗೆ ಬರುವ ಪದ ಅದೇ. ಆದರೆ ಪ್ರಸಾದ ಹಂಚಿದರು ಎಂದರೆ ಎಲ್ಲರ ಕೈಗೂ ಒಂದಿಷ್ಟು ಬಂತು ಅಂತ ಅಲ್ವಾ? ‘ಸಮನಾಗಿ’ ಎಂಬುದು ಸುಮ್ನೆ ಸೇರಿಕೊಂಡುಬಿಡುತ್ತದೆ.

ಇಲ್ಲಿ ನಡೆಯುವುದೇ ಬೇರೆ. ಕರ್ನೆಲ್ ತನ್ನ ಸ್ಥಿತಿಗತಿ ತೋರಿಸುವ ‘ಪ್ರಾಕ್’ ಕಡತಕೋಶದ ಒಳಗಿನ ‘ಇಂಟರಪ್ಟ್ಸ್’ ಕಡತ ತೆರೆದು ನೋಡಿ. ಇಂಟರಪ್ಟ್‌ಗೊಂದು ಸಾಲು, ಪ್ರೊಸೆಸರ್‌ಗೊಂದು ಕಾಲಂ. ನೆಟ್‌ವರ್ಕ್ ಕಾರ್ಡಿನ ಸಾಲಿನಲ್ಲಿ 0ನೇ ಪ್ರೊಸೆಸರಿನ ಎಣಿಕೆ ಮಾತ್ರ ಏರುತ್ತಿದೆ ಎಂದುಕೊಳ್ಳಿ. ಆ ಇಂಟರಪ್ಟಿನ ‘ಎಸ್‌ಎಂಪಿ ಅಫಿನಿಟಿ’ (ಯಾವ ಪ್ರೊಸೆಸರ್ ಅದನ್ನು ನೋಡಿಕೊಳ್ಳಬಹುದು ಎಂದು ಹೇಳುವ) ಕಡತಕ್ಕೆ 4 ಎಂದು ಬರೆದರೆ ಆ ಎಣಿಕೆ ಅಲ್ಲಿಗೇ ನಿಂತು, 2ನೇ ಪ್ರೊಸೆಸರಿನದು ಏರತೊಡಗುತ್ತದೆ. ಇದು ಬಿಟ್ ಲೆಕ್ಕ, ಒಂದೊಂದು ಪ್ರೊಸೆಸರಿಗೂ ಒಂದು ಬಿಟ್: 1 ಎಂದರೆ 0ನೆಯದು, 2 ಎಂದರೆ 1ನೆಯದು, 4 ಎಂದರೆ 2ನೆಯದು. ಕೆಲಸ ಇಡಿಯಾಗಿ ಕೈ ಬದಲಾಯಿಸಿತು, ಪಾಲಾಗಲಿಲ್ಲ. ಹಾಗಿರುವುದೇ ಒಳ್ಳೆಯದು. ಒಂದೇ ಇಂಟರಪ್ಟ್ ಪ್ರೊಸೆಸರ್‌ನಿಂದ ಪ್ರೊಸೆಸರ್‌ಗೆ ಅಲೆಯುತ್ತಿದ್ದರೆ ಒಂದರ ಕ್ಯಾಶ್ ಎಂಬ ವೇಗದ ಪುಟ್ಟ ಸ್ಮೃತಿಯಲ್ಲಿದ್ದ ಮಾಹಿತಿಯನ್ನು ಇನ್ನೊಂದು ಮತ್ತೆ ತರಿಸಿಕೊಳ್ಳಬೇಕು, ಖರ್ಚು ಜಾಸ್ತಿ. ‘ಐಆರ್‌ಕ್ಯೂ ಬ್ಯಾಲೆನ್ಸ್’ (ಈ ಗೊತ್ತುಮಾಡುವ ಕೆಲಸವನ್ನು ತಾನೇ ಮಾಡುವ ಪ್ರೋಗ್ರಾಂ) ಕೂಡ ಸಾಮಾನ್ಯವಾಗಿ 10 ಸೆಕೆಂಡಿಗೊಮ್ಮೆ ಹೊರೆ ನೋಡಿ, ಇಂಟರಪ್ಟ್‌ಗಳನ್ನು ಇಡಿಯಾಗಿಯೇ ಸರಿಸುತ್ತದೆ. ನೆಟ್‌ವರ್ಕ್ ಕೆಲಸ ನಿಜಕ್ಕೂ ಹಂಚಿಹೋಗುವುದು ಕಾರ್ಡಿನಲ್ಲಿ ಪ್ಯಾಕೆಟ್ಟುಗಳಿಗೆ ಹಲವು ಸರದಿಗಳು (ಕ್ಯೂ) ಇದ್ದು, ಒಂದೊಂದಕ್ಕೂ ಅದರದೇ ಇಂಟರಪ್ಟ್ ಇದ್ದಾಗ.

‘ಅಫಿನಿಟಿ’ಗೆ ‘ಒಲವು’ ಎಂದು ಬರೆಯುವುದೂ ನನಗೆ ಒಪ್ಪಿಗೆಯಿಲ್ಲ. ಆ ಕಡತ ಹೇಳುವುದು ಯಾರಿಗೆ ಅನುಮತಿ ಇದೆ ಎಂಬುದನ್ನು. ಒಲವಿದ್ದರೆ ಬೇರೆ ಕಡೆಗೂ ಹೋಗಬಹುದು, ಇಲ್ಲಿ ಹೋಗುವಂತಿಲ್ಲ.

‘ನಿಯೋಜನೆ’ ಹತ್ತಿರ ಬರುತ್ತದೆ. ಆದರೆ ಬಂದೋಬಸ್ತಿಗೆ ಪೊಲೀಸರನ್ನು ನಿಯೋಜಿಸುತ್ತಾರೆ, ಪೊಲೀಸರಿಗೆ ಬಂದೋಬಸ್ತನ್ನಲ್ಲ. ಹಾಗಾಗಿ ವಾಕ್ಯವನ್ನೇ ತಿರುಗಿಸಿ ‘ಈ ಇಂಟರಪ್ಟ್‌ಗೆ 2ನೇ ಪ್ರೊಸೆಸರನ್ನು ನಿಯೋಜಿಸಿ’ ಎಂದು ಬರೆಯುವುದು ನನಗೆ ಸರಿ ಕಾಣುತ್ತದೆ. ತಲೆಬರಹಕ್ಕೆ ‘ಪ್ರೊಸೆಸರ್ ನಿಯೋಜನೆ’ ಎಂದಿಟ್ಟರೆ ಓದುಗರು ಅದನ್ನು ಶೆಡ್ಯೂಲರ್ (ಯಾವ ಪ್ರೋಗ್ರಾಂ ಯಾವಾಗ ಓಡಬೇಕೆಂದು ತೀರ್ಮಾನಿಸುವ ಕರ್ನೆಲ್ ಭಾಗ) ಕೆಲಸ ಎಂದುಕೊಳ್ಳಬಹುದೇ? ಇದಕ್ಕಿಂತ ಚಿಕ್ಕ ಪದ ನಿಮ್ಮ ಬಳಕೆಯಲ್ಲಿದ್ದರೆ ತಿಳಿಸಿ.