ಮಕ್ಕಳ ಕೋಣೆಯ ಫಲಕಕ್ಕೆ: ನಿಗೂಢವೋ, ಬೆಡಗೋ, ಒಡಪೋ?

ಮೇಡಂ, ಶಾಲೆಯಲ್ಲಿ ಮಕ್ಕಳು ಒಗಟು ಬಿಡಿಸುವ ಕೋಣೆಯ ಫಲಕಕ್ಕೆ ನಿಗೂಢ, ಬೆಡಗು, ಒಡಪು ಇವುಗಳಲ್ಲಿ ಯಾವ ಪದ ಹಾಕಿಸಲಿ ಅಂತ ಕೇಳಿದ್ದೀರಿ, ನಾಳೆ ಸಂಜೆಯೊಳಗೆ ಪೇಂಟರಿಗೆ ಪದ ಕೊಡಬೇಕು ಅಂದಿದ್ದೀರಿ. ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ: ‘ಒಡಪಿನ ಕೋಣೆ’ ಅಂತ ಬರೆಸಿ. ಒಡಪು ಅಂದರೆ ಒಗಟು. ಜಮಖಂಡಿ ಕಡೆಯ ಶಾಲೆಗೆ ಬೇರೆ ಪದ ಹುಡುಕಬೇಕಾಗೇ ಇಲ್ಲ.

‘ನಿಗೂಢ’ ಬೇಡ. ಸಂಸ್ಕೃತದ್ದು ಅಂತ ಅಲ್ಲ. ಸಂಸ್ಕೃತದ ಪದ ಬೇಡ ಅಂತ ನಿಮ್ಮ ಪ್ರಶ್ನೆಗೆ ನನಗಿಂತ ಮೊದಲು ಉತ್ತರ ಕೊಟ್ಟ ಒಬ್ಬರು ಉದ್ದಕ್ಕೆ ಬರೆದಿದ್ದಾರೆ, ನನಗೆ ಒಪ್ಪಿಗೆಯಿಲ್ಲ. ಗೂಢ, ಗುಹೆ ಎರಡೂ ಮುಚ್ಚಿಡು ಅನ್ನುವ ಅರ್ಥದ ‘ಗುಹ್’ ಧಾತುವಿನಿಂದಲೇ ಬಂದವು. ಹಾಗಾದರೆ ಬಾದಾಮಿಯ ಗುಹೆಗಳಿಗೆ ಇವರು ಏನಂತಾರೆ? ಎರವಲು ಬಂದ ಪದ ನಮ್ಮ ಬಾಯಲ್ಲಿ ಪಳಗಿದ ಮೇಲೆ ನಮ್ಮದೇ. ನನ್ನ ತಕರಾರು ಅರ್ಥದ್ದು. ನಿಗೂಢ ಅಂದರೆ ಕೈಗೆ ಸಿಗದ್ದು. ‘ಗುಟ್ಟು’ ಸಂಸ್ಕೃತವಲ್ಲ, ತೆಲುಗಿನಲ್ಲೂ ಇದೆ, ಆದರೂ ಇಲ್ಲಿ ಹೊಂದಲ್ಲ. ಗುಟ್ಟು ಇರೋದು ಬಚ್ಚಿಡೋಕೆ, ಒಡಪು ಇರೋದು ಬಿಡಿಸೋಕೆ. ‘ಹಸಿರು ಗಿಡದ ಮೇಲೆ ಮೊಸರು ಚೆಲ್ಲಿದೆ’ ಅಂತ ಕೇಳುವವರು ಮಲ್ಲಿಗೆಯನ್ನು ಅರ್ಧ ತೋರಿಸಿಯೇ ಇರುತ್ತಾರೆ, ಅಲ್ವಾ?

‘ಬೆಡಗು’ ಒಳ್ಳೆಯ ಪದ, ನನಗೂ ಇಷ್ಟ. ಆದರೆ ಅದರ ಮೂಲ ಹಳಗನ್ನಡದ ‘ಬೆಡಂಗು’, ಅಂದರೆ ಸೊಗಸು, ಚೆಲುವು. ನಮ್ಮ ಮುಧೋಳದ ರನ್ನನಿಗೆ ಆಶ್ರಯ ಕೊಟ್ಟ ಚಾಲುಕ್ಯ ಸತ್ಯಾಶ್ರಯನ ಬಿರುದು ‘ಇರಿವಬೆಡಂಗ’. ಅಲ್ಲಿ ಮೆಚ್ಚಿರೋದು ಅವನು ಕಾದುವ ಸೊಗಸನ್ನು, ಮುಚ್ಚಿಟ್ಟದ್ದು ಏನೂ ಇಲ್ಲ. ಅಲ್ಲಮನ ಬೆಡಗಿನ ವಚನ, ಅಂದರೆ ಅರ್ಥವನ್ನು ಒಳಗೆ ಮುಚ್ಚಿಟ್ಟು ಒಗಟಿನ ಹಾಗೆ ಹೇಳಿದ ವಚನ, ಓದಿದವರಿಗೆ ನೀವು ಹೇಳುವ ಒಗಟಿನ ಅರ್ಥ ಥಟ್ಟನೆ ಹೊಳೆಯುತ್ತದೆ. ಆರನೇ ತರಗತಿಯ ಹುಡುಗ ‘ಬೆಡಗಿನ ಕೋಣೆ’ ಅಂತ ಓದಿದರೆ ಅಲಂಕಾರ ಮಾಡಿಕೊಳ್ಳೋ ಕೋಣೆ ಅಂದುಕೊಳ್ಳುತ್ತಾನೆ.

ಇನ್ನು, ಒಡಪು ಅನ್ನೋ ಪದ ಮರಾಠಿಯ ಉಖಾಣೆಯಿಂದ (ಗಂಡನ ಹೆಸರು ಸೇರಿಸಿ ಹೇಳುವ ಪ್ರಾಸದ ಸಾಲುಗಳು) ಬಂತು ಅಂತಲೂ ಇಲ್ಲಿ ಯಾರೋ ಬರೆದಿದ್ದಾರೆ. ಬುಡವಿಲ್ಲದ ಮಾತು. ಹೊಸ ಸೊಸೆಯನ್ನು ಹೊಸ್ತಿಲಲ್ಲೇ ತಡೆದು, ‘ಒಡಪು ಹಾಕಿ ಗಂಡನ ಹೆಸರು ಹೇಳು, ಆಮೇಲೆ ಒಳಗೆ ಬಾ’ ಅನ್ನುವ ರೂಢಿ ಮರಾಠಿಗರಲ್ಲೂ ನಮ್ಮಲ್ಲೂ ಇದೆ, ನಿಜ. ರೂಢಿ ಒಂದೇ ಅಂದ ಮಾತ್ರಕ್ಕೆ ಪದವೂ ಅಲ್ಲಿಂದಲೇ ಬರಬೇಕಾ? ನೆನೆ–ನೆನಪು, ಹೊಳೆ–ಹೊಳಪು, ಒಡೆ–ಒಡಪು. ‘ಸ್ವಲ್ಪ ಒಡೆದು ಹೇಳು’ ಅಂತ ದಿನಾ ಅನ್ನುತ್ತೇವಲ್ಲ, ಅದೇ ಒಡೆ. ಸಾಲುಗಳ ನಡುವೆ ಹುದುಗಿಸಿಟ್ಟ ಹೆಸರನ್ನು ಸೊಸೆ ನಾಚಿಕೊಂಡು ಕೊನೆಗೆ ಒಡೆದು ಹೇಳುತ್ತಾಳೆ. ಇಷ್ಟು ನೇರವಾಗಿ ಕಾಣುವ ಕನ್ನಡ ಪದಕ್ಕೆ ಹೊರಗಿನ ಮೂಲ ಹುಡುಕೋದು ಯಾಕೆ ಅಂತ ನನಗೆ ಅರ್ಥವಾಗಲ್ಲ. ಮನೆಯ ಹೆಂಗಸರನ್ನು ಒಮ್ಮೆ ಕೇಳಿ ಆಮೇಲೆ ಬರೆಯಲಿ.

‘ಒಗಟು’ ಅಂದರೂ ತಪ್ಪಿಲ್ಲ, ಪುಸ್ತಕಗಳಲ್ಲಿ ಜಾಸ್ತಿ ಕಾಣೋದು ಅದೇ. ಬೇರೆ ಜಿಲ್ಲೆಗಳಿಂದ ಜನ ಬರುವುದಾದರೆ ಕೆಳಗೆ ಸಣ್ಣ ಅಕ್ಷರದಲ್ಲಿ ಅದನ್ನೂ ಹಾಕಿಸಿ. ಪೇಂಟರಿಗೆ ಮಾತ್ರ ಬಾಯಲ್ಲಿ ಹೇಳಬೇಡಿ, ಚೀಟಿಯಲ್ಲಿ ಬರೆದು ಕೊಡಿ. ಒಡಪಿನ ‘ಡ’ಗೆ ಹೊಟ್ಟೆ ಸೀಳಬಾರದು.